ಯಾರು ಮಾಡಿಸಿದರು?

ಮನೆಯಲ್ಲಿ ಮಗುವೊಂದು ಹಠಾತ್ತಾಗಿ ಬೇನೆಬಿದ್ದರೆ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಯಾವದು? ಹಾನಗಲ್ಲು, ಹಿರೇಕೆರೂರು, ಸವಣೂರು, ಶಿಗ್ಗಾಂವಿ ಸೀಮೆಯ ಹಳ್ಳಿಗಳಲ್ಲಿ ವಾಸಿಸುವವರು ಇದರ ಉತ್ತರವನ್ನು ಬಲ್ಲರು. “ಏನು ರೋಗ?” ಎಂದು ಕೇಳುವದಕ್ಕೆ ಮುಂಚೆ “ಯಾರು ಮಾಡಿಸಿದರು?” ಎಂದು ಕೇಳುತ್ತೇವೆ. ಈ ಪ್ರಶ್ನೆಯು ನ್ಯಾಯವಾದದ್ದೋ ಅಲ್ಲವೋ ಎಂಬದನ್ನು ಪ್ರಿಯ ವಾಚಕರ ಸಂಗಡ ವಿಚಾರಿಸಬೇಕೆಂದಿದ್ದೇವೆ. ಅನೇಕರು ಭಯದಿಂದ ನೋಡಿದ ಒಂದು ಸಿನೇಮಾ ಕಥೆಯು ಇದಕ್ಕೆ ನಿಮಿತ್ತ.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಎಂಬ ತೆಲುಗು ಕಾದಂಬರಿಯನ್ನು ಆ ಭಾಷೆಯವರು ಬಹು ಆತುರದಿಂದ ಓದಿದರು. ಅದು ಕನ್ನಡಕ್ಕೂ ಬಂದು ನಮ್ಮ ಓದುಗರ ನಿದ್ದೆಯನ್ನೂ ಕೆಡಿಸಿತು. 1985ರಲ್ಲಿ ವೇಮಗಲ್ ಜಗನ್ನಾಥರಾಯರು ಅದನ್ನು ‘ತುಳಸಿದಳ’ ಎಂಬ ಕನ್ನಡ ಚಿತ್ರವಾಗಿ ಮಾಡಿದರು. ತುಳಸಿ ಎಂಬ ಚಿಕ್ಕ ಹುಡುಗಿ, ಅವಳಿಗೆ ಸಲ್ಲತಕ್ಕ ಹಣದ ಮೇಲೆ ಕಣ್ಣಿಟ್ಟ ದುರಾಶೆಯವರು, ಕಾಷ್ಮೋರವೆಂಬ ಕ್ಷುದ್ರಪ್ರಯೋಗ, ನರಳುವ ಮಗು, ಒಂದು ಕಡೆ ವೈದ್ಯರು, ಮತ್ತೊಂದು ಕಡೆ ಮಂತ್ರವಾದಿಗಳು, ನಡುವೆ ದಿಕ್ಕುಗಾಣದ ತಂದೆತಾಯಿಗಳು. ಇದೇ ಕಥೆಯ ಸಾರ.

ಇದಕ್ಕೆ ಮುಂಚೆಯೇ ಅಮೇರಿಕ ದೇಶದಲ್ಲಿ ಇಂಥದೊಂದು ಕಥೆ ಹುಟ್ಟಿತ್ತು. ವಿಲಿಯಂ ಪೀಟರ್ ಬ್ಲ್ಯಾಟಿ ಎಂಬವರು 1971ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1973ರ ಡಿಸೆಂಬರಿನಲ್ಲಿ ಅದು ಚಿತ್ರವಾಗಿ ಲೋಕವನ್ನೆಲ್ಲಾ ನಡುಗಿಸಿತು. ಅಲ್ಲಿಯೂ ಒಬ್ಬ ಹುಡುಗಿ, ಅಲ್ಲಿಯೂ ಸೋತ ವೈದ್ಯರು, ಕೊನೆಗೆ ಇಬ್ಬರು ಪಾದ್ರಿಗಳು. ಎರಡು ಕಥೆಗಳೂ ಒಂದೇ ಬಗೆಯವೆಂದು ತೋರಿದರೂ ಅವುಗಳಲ್ಲಿ ದೊಡ್ಡ ಭೇದವುಂಟು. ಅಮೇರಿಕದ ಕಥೆಯಲ್ಲಿ ದುರಾತ್ಮವನ್ನು ಕಳುಹಿಸಿದ ಮನುಷ್ಯನು ಯಾರೂ ಇಲ್ಲ. ನಮ್ಮ ಕಡೆಯ ಕಥೆಯಲ್ಲಿ ಇದ್ದಾನೆ. ಅಲ್ಲಿ ಭಯವು ಕತ್ತಲೆಯ ಕಡೆಗೆ ನೋಡುತ್ತದೆ. ಇಲ್ಲಿ ನೆರೆಮನೆಯ ಕಡೆಗೆ ನೋಡುತ್ತದೆ.

ದುರಾಶೆಯುಳ್ಳವರು ಲೋಕದಲ್ಲಿ ಇಲ್ಲವೆಂದು ನಾವು ಹೇಳುವದಿಲ್ಲ. ಆಸ್ತಿಗೋಸ್ಕರ ಮಗುವಿನ ಮರಣವನ್ನು ಬಯಸುವ ಮನಸ್ಸು ನಿಜವಾಗಿ ಇರಬಹುದು. ಕಥೆಯ ಆ ಭಾಗವು ಸುಳ್ಳಲ್ಲ. ಆದರೆ ಒಂದನ್ನು ಗಮನಿಸಿರಿ. ಸಿನೇಮಾದಲ್ಲಿ ಕೇಡು ಮಾಡುವವನನ್ನು ನಮ್ಮ ಕಣ್ಣಿಗೆ ತೋರಿಸುತ್ತಾರೆ. ತಾಯಿಗೆ ಕಾಣದ್ದು ನೋಡುವವರಿಗೆ ಕಾಣುತ್ತದೆ. ನಮ್ಮ ಓಣಿಯಲ್ಲಾದರೋ ಆ ಭಾಗವನ್ನು ತೋರಿಸುವವರಿಲ್ಲ. ಕಾಣದ ಆ ಭಾಗವನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಯಾತರಿಂದ ತುಂಬಿಕೊಳ್ಳುತ್ತದೆ? ಹೊಲದ ಬದುವಿನ ಜಗಳದಿಂದ, ತೀರದ ಸಾಲದಿಂದ, ಮದುವೆಗೆ ಕರೆಯಲಿಲ್ಲವೆಂಬ ಹಳೆಯ ಸಿಟ್ಟಿನಿಂದ.

ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಏಳು ವರುಷದ ಹುಡುಗಿಯು ಅಂಗಳದಲ್ಲಿ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬರುತ್ತದೆ. ಒಬ್ಬರು ಅವಳ ಕೈಗೆ ಕಬ್ಬಿಣವನ್ನು ಹಿಡಿಸುತ್ತಾರೆ, ಇನ್ನೊಬ್ಬರು ಲಿಂಬೆಹಣ್ಣು ಇಳಿಸಿ ಒಗೆಯುತ್ತಾರೆ. ಮೂರನೆಯವರು ತಗ್ಗಿದ ದನಿಯಲ್ಲಿ, “ನಿನ್ನೆ ಓಣಿಯ ತುದಿಯ ಮುದುಕಿ ಇವಳಿಗೆ ಉಂಡಿ ಕೊಟ್ಟಿದ್ದಳು” ಎನ್ನುತ್ತಾರೆ. ಹುಡುಗಿಯ ಸೆಳವು ಕೆಲವು ನಿಮಿಷಗಳಲ್ಲಿ ನಿಂತೀತು. ಮುದುಕಿಯ ಮೇಲೆ ಬಿದ್ದ ಮಾತು ಅವಳು ಮಣ್ಣಿಗೆ ಹೋಗುವ ತನಕ ನಿಲ್ಲದು. ಅವಳ ಹೊಸ್ತಿಲಿಗೆ ಮಕ್ಕಳು ಹೋಗರು. ಅವಳು ಕೇಳಿದರೆ ಮಜ್ಜಿಗೆ ಕೊಡುವವರಿಲ್ಲ. ಆ ದಿನ ಒಬ್ಬಳು ರೋಗಿಯಾದಳು, ಮತ್ತೊಬ್ಬಳು ಅನಾಥಳಾದಳು. ಎರಡನೆಯ ಕೇಡನ್ನು ಮಾಡಿದವರು ಯಾರು? ಮಾಟಗಾರನೋ, ನಾವೋ?

ನಮ್ಮ ಸಭೆಯವರಲ್ಲಿ ಕೆಲವರು, “ಸತ್ಯವೇದದಲ್ಲಿಯೇ ದುರಾತ್ಮಗಳ ವಿಷಯ ಬರೆದಿದೆಯಲ್ಲಾ” ಎಂದು ಹೇಳಾರು. ಹೌದು, ಬರೆದಿದೆ. ಆದರೆ ಹೇಗೆ ಬರೆದಿದೆ ಎಂಬದನ್ನು ಓದಿ ನೋಡಿರಿ. ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬೀಳುತ್ತಿದ್ದ ಹುಡುಗನನ್ನು ತಂದೆಯು ಕರ್ತನ ಬಳಿಗೆ ತಂದನು. ಕರ್ತನು ಆ ತಂದೆಯನ್ನು, ಇದು ಬಂದು ಎಷ್ಟು ಕಾಲವಾಯಿತೆಂದು ವಿಚಾರಿಸಿದನು. ಅದು ಯಾರ ಕೆಲಸವೆಂದು ಕೇಳಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ದುರಾತ್ಮ ಪೀಡಿತರ ಎಷ್ಟೋ ಸಂಗತಿಗಳಿವೆ. ಒಂದರಲ್ಲಿಯಾದರೂ ನೆರೆಯವನೊಬ್ಬನು ಅದನ್ನು ಕಳುಹಿಸಿದನೆಂಬ ಮಾತಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಇವನದೋ ತಂದೆತಾಯಿಗಳದೋ ಎಂದು ಕೇಳಿದಾಗ ಕರ್ತನು ಎರಡನ್ನೂ ನಿರಾಕರಿಸಿದನು. ಎಫೆಸದ ವಿಶ್ವಾಸಿಗಳಾದರೋ ತಮ್ಮ ಸ್ವಂತ ಕೃತ್ಯಗಳನ್ನು ಒಪ್ಪಿಕೊಂಡರು, ಮಂತ್ರತಂತ್ರ ನಡಿಸಿದ್ದವರು ತಮ್ಮ ಪುಸ್ತಕಗಳನ್ನೇ ತಂದು ಸುಟ್ಟರು. ಊರವರ ಮೇಲೆ ಬೆರಳು ತೋರಿಸಲಿಲ್ಲ.

“ಎಷ್ಟು ಕಾಲವಾಯಿತು?” ಎಂಬದು ವೈದ್ಯನ ಪ್ರಶ್ನೆ, ಗೆಳೆಯನ ಪ್ರಶ್ನೆ. ಅದು ರೋಗಿಯ ಹತ್ತಿರಕ್ಕೆ ನಮ್ಮನ್ನು ಕರೆಯುತ್ತದೆ. “ಯಾರು ಮಾಡಿಸಿದರು?” ಎಂಬ ಪ್ರಶ್ನೆಯು ರೋಗಿಯನ್ನು ಚಾಪೆಯ ಮೇಲೆ ಬಿಟ್ಟು ನಮ್ಮನ್ನು ಬೀದಿಗೆ ಓಡಿಸುತ್ತದೆ. ಅಮೇರಿಕದ ಆ ಕಾದಂಬರಿಯಲ್ಲಿ ವೃದ್ಧ ಪಾದ್ರಿಯ ಅಭಿಪ್ರಾಯವೊಂದಿದೆ: ಸೈತಾನನ ಗುರಿಯು ಹಾಸಿಗೆಯ ಮೇಲಿರುವ ಮಗುವಲ್ಲ, ಸುತ್ತಲೂ ನಿಂತವರ ಹೃದಯಗಳೇ ಎಂದು. ಭಯ ಹುಟ್ಟಿಸುವ ಆ ಕಥೆಯಲ್ಲಿ ನಮಗೆ ಬುದ್ಧಿ ಕಲಿಸುವ ಮಾತು ಇದೊಂದೇ ಇದ್ದರೂ ಸಾಕು.

ಮೂರ್ಛೆರೋಗಕ್ಕೆ ಔಷಧವುಂಟು. ಸರಿಯಾಗಿ ಗುರುತಿಸಿ ಔಷಧ ಕೊಟ್ಟರೆ 100ಕ್ಕೆ 70ರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಹುದೆಂದು ಲೋಕದ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಮನಸ್ಸಿನ ಬೇನೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಆಸ್ಪತ್ರೆಯಿದೆ. 2017ರಲ್ಲಿ ಕರ್ನಾಟಕದ ಶಾಸನಸಭೆಯು ವಾಮಾಚಾರವನ್ನೂ ಅಮಾನವೀಯ ದುಷ್ಟ ಪದ್ಧತಿಗಳನ್ನೂ ತಡೆಯುವ ಕಾಯಿದೆಯನ್ನು ಮಾಡಿತು. 2020ರಲ್ಲಿ ಅದು ಜಾರಿಗೆ ಬಂತು. ಆದರೆ ಕಾಯಿದೆಯು ಹೊಡೆಯುವ ಕೈಯನ್ನು ಹಿಡಿದೀತು. ಪಿಸುಗುಟ್ಟುವ ನಾಲಿಗೆಯನ್ನು ಹಿಡಿಯಬೇಕಾದವರು ನಾವೇ.

ಇದನ್ನು ಬರೆಯುವಾಗ ನಾವು ನಮ್ಮನ್ನೂ ಬಿಟ್ಟು ಬರೆಯುವದಿಲ್ಲ. ತಾಯಿತವನ್ನು ಬಿಚ್ಚಿಟ್ಟು ಬಂದ ನಾವು ಸಂಶಯವನ್ನು ಬಿಚ್ಚಿಟ್ಟು ಬಂದೆವೋ? ರೋಗಿಗೋಸ್ಕರ ಪ್ರಾರ್ಥಿಸಲು ಕೂಡಿದ ಮನೆಯಲ್ಲಿಯೇ, ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡಿಯುತ್ತಾ, ಇಂಥವರೇ ಮಾಡಿಸಿರಬೇಕೆಂದು ಹೇಳಿದ ಬಾಯಿಗಳು ನಮ್ಮವಲ್ಲವೋ?

ಆದದರಿಂದ ಪ್ರಿಯರೇ, ಸಿನೇಮಾ ನೋಡಿ ಹೆದರುವದು ದೊಡ್ಡ ಪಾಪವಲ್ಲ. ದೀಪ ಹಚ್ಚಿದರೆ ಆ ಹೆದರಿಕೆ ಹೋಗುತ್ತದೆ. ಆದರೆ ಅದನ್ನು ನೆರೆಯವರ ಹೆಸರಿಗೆ ಕಟ್ಟಬೇಡಿರಿ. ಮುಂದಿನ ಸಾರಿ ಓಣಿಯಲ್ಲಿ ಮಗುವೊಂದು ಬಿದ್ದರೆ ಇಬ್ಬರು ಅದನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಲಿ. ಒಬ್ಬರು ಓಣಿಯ ತುದಿಯ ಮುದುಕಿಯ ಮನೆಗೆ ಹೋಗಿ, ಅವಳ ಕೈಯಿಂದ ನೀರು ಇಸುಕೊಂಡು ಕುಡಿದು ಬರಲಿ.