ಕೈಯ ಅರಿವು

ಅರಿವನ್ನೂ ಕ್ರಿಯೆಯನ್ನೂ ಬೇರ್ಪಡಿಸಬಹುದೇ? ಹನ್ನೆರಡನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇದ್ದರು. ಕಾಯಕ ಅವರ ಹೆಸರಿಗೇ ಅಂಟಿಕೊಂಡಿದೆ. ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಆಚೆ, ಹೊಸೂರು ರಸ್ತೆಯಲ್ಲಿರುವ ಮಹಿಳೆಯರ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗೂ ಆ ಪ್ರಶ್ನೆ ಸಲ್ಲುತ್ತದೆ. ಕಸುಬು ಕಲಿಯುವವರಷ್ಟೇ ಅಲ್ಲ, ಮುಂದೆ ಅದನ್ನು ಕಲಿಸುವವರೂ ಅಲ್ಲಿ ತಯಾರಾಗುತ್ತಾರೆ.

2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಎಷ್ಟು ವರ್ಷ ಓದಿದರು ಎನ್ನುವುದಕ್ಕಿಂತ ಏನು ಮಾಡಬಲ್ಲರು ಎಂಬುದಕ್ಕೆ ಮನ್ನಣೆ ಕೊಟ್ಟಿತು. ಇದು ನ್ಯಾಯವಾದ ನಡೆ; ಅರ್ಧಕ್ಕೆ ಶಾಲೆ ಬಿಟ್ಟವಳ ಹೊಲಿಗೆಗೂ ಇದರಿಂದ ಬೆಲೆ ಬರುತ್ತದೆ. ಆದರೆ ಮಾಡಬಲ್ಲಳು ಎಂದರೇನು? ಅಳತೆ ಕೊಟ್ಟು, ಕತ್ತರಿಸುವುದನ್ನು ತೋರಿಸಿ, ಅದರಂತೆ ರವಿಕೆ ಹೊಲಿಸಿದರೆ ಪಟ್ಟಿಯಲ್ಲೊಂದು ಗುರುತು ಬೀಳುತ್ತದೆ. ಅದೇ ರವಿಕೆ ತೊಟ್ಟವಳು ಕೈ ಎತ್ತಿದೊಡನೆ ಬಟ್ಟೆಯೆಲ್ಲ ಮೇಲಕ್ಕೆ ಜಗ್ಗಿತು ಎನ್ನಿ. ಹೊಲಿಗೆ ನೇರವಾಗಿದೆ, ಎದೆಯ ಅಳತೆಯೂ ಸರಿ. ಶಿಕ್ಷಕಿ ಕಾರಣ ಹೇಳದೆ ನಾಲ್ವರ ಕೈಗೆ ಅದನ್ನು ಕೊಡಲಿ. ಅವರು ತೊಟ್ಟು ನೋಡಿ, ಗುಂಡುಸೂಜಿ ಚುಚ್ಚಿ, ತಮ್ಮತಮ್ಮಲ್ಲೇ ವಾದಿಸಿ, ಕಂಕುಳ ಬಳಿಯ ಆರ್ಮ್‌ಹೋಲ್ ಅತಿಯಾಗಿ ಕೆಳಗಿಳಿದಿದೆ ಎಂದು ಕಂಡುಕೊಂಡರೆ, ಮುಂದೆ ಎಂಥ ಮೈಕಟ್ಟಿನವರು ಎದುರು ನಿಂತರೂ ತಬ್ಬಿಬ್ಬಾಗುವುದಿಲ್ಲ. ಸಾಮರ್ಥ್ಯವೆಂದು ನಾನು ಕರೆಯುವುದು ಈ ವಿವೇಚನೆಯನ್ನೇ. ಹೀಗೆ ತಾವೇ ಹುಡುಕಿ ಕಲಿಯುವ ಸಕ್ರಿಯ ಕಲಿಕೆಯಿಲ್ಲದೆ ಅದು ಬರುವುದು ಕಷ್ಟ.

ಮೊದಲು ಪಾಠ, ಆಮೇಲೆ ಪ್ರಯೋಗ ಎನ್ನುವವರಿದ್ದಾರೆ. ಕತ್ತರಿ ಹಿಡಿಯುವುದನ್ನು, ಯಂತ್ರದ ಸೂಜಿಯಿಂದ ಬೆರಳು ಕಾಪಾಡಿಕೊಳ್ಳುವುದನ್ನು ತೋರಿಸಿಯೇ ಕಲಿಸಬೇಕು, ಒಪ್ಪುತ್ತೇನೆ. ಆದರೆ ಬುದ್ಧಿವಂತಿಕೆಯ ಕೆಲಸದಲ್ಲಿ ಯೋಚನೆ ಮೊದಲು ಮುಗಿದು ಕ್ರಿಯೆ ನಂತರ ಶುರುವಾಗುವುದಿಲ್ಲ ಎಂದು ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲೇ ವಾದಿಸಿದ್ದ. ಶರಣರ ಕಾಯಕದ ಕಲ್ಪನೆಯೂ ತಲೆ ಒಂದು ಕಡೆ, ಕೈ ಇನ್ನೊಂದು ಕಡೆ ಇರುವುದನ್ನು ಒಪ್ಪುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನಮ್ಮ ಕುಶಲಕರ್ಮಿಗಳು ಚರ್ಚೆ, ಗುಂಪು ಚಟುವಟಿಕೆ ಯಾವುದೂ ಇಲ್ಲದೆ ಬರೀ ನೋಡಿ ಕಲಿತರಲ್ಲ? ಕಲಿತರು ನಿಜ, ಬಾಲ್ಯದಿಂದ ಹಿರಿಯರ ಪಕ್ಕದಲ್ಲೇ ಕೂತು, ಸಾವಿರ ಸಲ ಕೆಡಿಸಿ. ಆ ಬಾಗಿಲು ಆಯಾ ಜಾತಿಯವರಿಗಷ್ಟೇ ತೆರೆದಿತ್ತು, ಹಲವು ಕಸುಬುಗಳಲ್ಲಿ ಹೆಣ್ಣುಮಕ್ಕಳಿಗೆ ಅದೂ ಇರಲಿಲ್ಲ. ಒಂದೇ ವರ್ಷದ ತರಬೇತಿಗೆ ಬಂದವಳಿಗೆ ಅಷ್ಟು ಕಾಲವಿಲ್ಲ. ಆದ್ದರಿಂದ ಕೆಡಿಸುವ, ಕೇಳುವ, ಸರಿಪಡಿಸುವ ಅವಕಾಶವನ್ನು ತರಗತಿಯೇ ಬೇಕೆಂದು ಒದಗಿಸಬೇಕು. ಸಮಯ ಸಾಲದು ಎಂಬ ದೂರು ಬಂದೇ ಬರುತ್ತದೆ. ಹಾಗಾದರೆ ಪರೀಕ್ಷೆಯಿಂದಲೇ ಶುರುಮಾಡೋಣ: ಹೊಸ ರವಿಕೆ ಹೊಲಿಸುವುದರ ಜೊತೆಗೆ ಕೆಟ್ಟ ರವಿಕೆಯೊಂದನ್ನು ಕೊಟ್ಟು, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಕೇಳಲಿ.