ಜೈಲಿಗೆ ಹೋದವನ ಮನೆ

ಒಬ್ಬನನ್ನು ಪೊಲೀಸರು ಹಿಡಿದೊಯ್ದರೆ ಅವನ ಮನೆಯತ್ತ ಜನ ಸುಳಿಯುವುದು ಕಡಿಮೆಯಾಗುತ್ತದೆ. ಹೋಗಬೇಡಿ ಎಂದು ಯಾರೂ ಹೇಳಿರುವುದಿಲ್ಲ, ಕಾಲು ತಾನೇ ಹಿಂಜರಿಯುತ್ತದೆ. ತಪ್ಪು ಅವನದೋ ಅಲ್ಲವೋ, ಒಲೆ ಆರುವುದು ಮಾತ್ರ ಮನೆಯವರದು.

ಗಾನ್‌ವಿಲ್ ಫ್ರೆಂಚ್-ಬೇಟಾ ಆ ಹಿಂಜರಿಕೆಯನ್ನು ದಾಟಿದವರು. 1912ರಲ್ಲಿ ಶಾಂಘೈಯಲ್ಲಿ ಹುಟ್ಟಿದ ಅವರಿಗೆ ಯೌವನದಲ್ಲಿ ದೇವರ ಗೊಡವೆಯೇ ಇರಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಬಂದ ಮೇಲೆ ಪಾದ್ರಿಯಾದರು. 1965ರಲ್ಲಿ ಜೋಹಾನ್ಸ್‌ಬರ್ಗಿನ ಸೇಂಟ್ ಮೇರಿ ಕೆಥೆಡ್ರಲ್‌ಗೆ ಡೀನ್ ಆದರು. ಆಂಗ್ಲಿಕನ್ ಪದ್ಧತಿಯಲ್ಲಿ ಬಿಷಪ್ಪರದು ಇಡೀ ಪ್ರಾಂತದ ಹೊಣೆ; ಕೆಥೆಡ್ರಲ್ಲಿನ ಆರಾಧನೆ, ಪಾದ್ರಿಗಳು, ಲೆಕ್ಕಪತ್ರ, ಸೋರುವ ಸೂರು ಎಲ್ಲ ಡೀನರದು. ಮರ್ಯಾದೆಯ ಹುದ್ದೆ, ತೆಪ್ಪಗೆ ಕೂತರೆ ಸುಖದ ಹುದ್ದೆಯೂ ಹೌದು.

ಅವರು ತೆಪ್ಪಗೆ ಕೂರಲಿಲ್ಲ. ವರ್ಣಭೇದದ ಆ ಊರಿನಲ್ಲಿ ಅವರ ಕೆಥೆಡ್ರಲ್‌ನೊಳಗೆ ಕರಿಯರೂ ಬಿಳಿಯರೂ ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಹಣವನ್ನು ಅವರು ರಾಜಕೀಯ ಕೈದಿಗಳ ಕುಟುಂಬಗಳಿಗೆ ಹಂಚುತ್ತಿದ್ದರು. ದುಡಿಯುವವನು ಒಳಗಿದ್ದರೆ ಹೊರಗಿನವರಿಗೆ ಬಾಡಿಗೆ, ದಿನಸಿ, ಮಕ್ಕಳ ಫೀಸು ಯಾವುದೂ ನಿಲ್ಲುವುದಿಲ್ಲ. ಗಂಡ ರಾಬೆನ್ ದ್ವೀಪದ ಜೈಲಿನಲ್ಲಿದ್ದರೆ ಅವನ ಮುಖ ನೋಡಲು ಜೋಹಾನ್ಸ್‌ಬರ್ಗಿನ ಹೆಂಗಸು ಸುಮಾರು 1,400 ಕಿಲೋಮೀಟರ್ ದೂರದ ಕೇಪ್‌ಟೌನ್‌ವರೆಗೆ ಹೋಗಿ, ಅಲ್ಲಿಂದ ದೋಣಿ ಹಿಡಿಯಬೇಕಾಗಿತ್ತು.

1971ರ ಜನವರಿಯಲ್ಲಿ ಡೀನರ ಬಂಧನವಾಯಿತು. ಭಯೋತ್ಪಾದನಾ ಕಾಯ್ದೆಯಡಿ ಮೊಕದ್ದಮೆ. ಆತ್ಮೀಯನಂತೆ ಹತ್ತಿರ ಬಂದಿದ್ದ ಪೊಲೀಸ್ ಗೂಢಚಾರನೊಬ್ಬ ಸಾಕ್ಷಿ ಹೇಳಿದ. ಆ ಹಣ, 1966ರಲ್ಲಿ ನಿಷೇಧಿಸಲಾಗಿದ್ದ ಡಿಫೆನ್ಸ್ ಅಂಡ್ ಏಡ್ ನಿಧಿಯದು ಎಂದು ಸರ್ಕಾರ ವಾದಿಸಿತು. ಐದು ವರ್ಷ ಶಿಕ್ಷೆಯಾಯಿತು. ಆ ಕಾಯ್ದೆಯಲ್ಲಿ ಅದೇ ಕನಿಷ್ಠ. ಡೀನರ ಪರ ವಾದಿಸಿದವರು ವಕೀಲ ಸಿಡ್ನಿ ಕೆಂಟ್ರಿಜ್. 1972ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ಮಾಡಿತು. ಅವರು ಇಂಗ್ಲೆಂಡಿಗೆ ಹೊರಟುಹೋದರು.

ಪ್ರಭುತ್ವಕ್ಕೆ ಹಣ ಎಲ್ಲಿಂದ ಬಂತು ಎಂಬುದು ಮುಖ್ಯವಾಯಿತು, ಡೀನರಿಗೆ ಅದು ಯಾವ ಮನೆ ಸೇರಿತು ಎಂಬುದು. ಜೈಲು ಪೂರ್ತಿ ಗೆಲ್ಲಬೇಕಾದರೆ ಕೈದಿಯ ಮನೆ ಒಂಟಿಯಾಗಬೇಕು. ಹಾಗಾಗಿಯೇ ಅಲ್ಲಿಗೆ ತಲುಪಿದ ಒಂದು ಚೀಲ ಹಿಟ್ಟೂ ಆ ಸರ್ಕಾರವನ್ನು ಹೆದರಿಸಿತು ಎಂದು ನಾನು ನಂಬಿದ್ದೇನೆ. ನಮ್ಮ ಹಿಂಜರಿಕೆ ಬರೀ ಪುಕ್ಕಲುತನವಲ್ಲ. ಜೈಲಿಗೆ ನಾವು ಸಂಬಳವಿಲ್ಲದೆ ಮಾಡುವ ಚಾಕರಿ ಅದು.

1975ರಲ್ಲಿ ಅದೇ ಕೆಥೆಡ್ರಲ್‌ಗೆ ಡೆಸ್ಮಂಡ್ ಟುಟು ಮೊದಲ ಕರಿಯ ಡೀನ್ ಆಗಿ ಬಂದರು. ಡೀನರ ಅಧಿಕೃತ ಬಂಗಲೆ ಬಿಳಿಯರ ಸಿರಿವಂತ ಬಡಾವಣೆ ಹೌಟನ್‌ನಲ್ಲಿತ್ತು. ಅದನ್ನು ಬಿಟ್ಟು ಅವರು ಕರಿಯರ ಸೊವೆಟೊದಲ್ಲಿ ಮನೆ ಮಾಡಿದರು.