ನೆಲಕ್ಕೆ ತಿರುಪು ಹಾಕುವ ಹುಲ್ಲು

ನಿಲಂಗಾದಿಂದ ಉಮರ್ಗಾ ಕಡೆ ಹೊರಟರೆ ಎರೆಹೊಲಗಳ ನಡುವೆ ಅಲ್ಲಲ್ಲಿ ಮಡ್ಡಿ ಏಳುತ್ತದೆ. ಊರವರ ಬಾಯಲ್ಲಿ ಅದು ಗಾಯರಾಣ, ಸರಕಾರಿ ಲೆಕ್ಕದಲ್ಲಿ ಇಂಥ ಎಷ್ಟೋ ಹುಲ್ಲುಗಾವಲು ಪಾಳುಭೂಮಿ. ಅಲ್ಲಿ ಬೆಳೆಯುವ ಊಬಿನ ಹುಲ್ಲಿಗೆ ಮರಾಠಿಯವರು ಕುಸಳ ಎನ್ನುತ್ತಾರೆ. ಚಳಿಗಾಲದಲ್ಲಿ ಅದರೊಳಗೆ ಹಾದರೆ ಧೋತರಕ್ಕೂ ಕುರಿಯ ಉಣ್ಣೆಗೂ ಊಬು ಚುಚ್ಚಿಕೊಳ್ಳುತ್ತದೆ. ಕಿತ್ತೆಸೆಯುತ್ತ ಬೈದವರಲ್ಲಿ ನಾನೂ ಒಬ್ಬ.

ಒಂದು ಸಲ ಎಸೆಯದೆ ಅಂಗೈ ಮೇಲಿಟ್ಟು ಉಗುಳು ಹಚ್ಚಿದೆ. ಹುರಿಗೊಳಿಸಿದ ಹಗ್ಗದಂತಿದ್ದ ಕಂದು ಊಬು ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು! ಒದ್ದೆಯಾದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು, ಇಷ್ಟರಲ್ಲೇ ಬೀಜದ ಚೂಪು ತುದಿ ನೆಲವನ್ನು ಕೊರೆದು ಇಳಿಯುತ್ತದೆ. ತುದಿಯ ಹಿಮ್ಮುಖ ರೋಮಗಳು ಮತ್ತೆ ಮೇಲೇಳಲು ಬಿಡುವುದಿಲ್ಲ. 1876ರಲ್ಲಿ ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಇಂಥ ಬೀಜಗಳ ಮೇಲೆಯೇ ಒಂದು ಪ್ರಬಂಧ ಬರೆದ.

ಬೇಸಿಗೆಯಲ್ಲಿ ಮಡ್ಡಿಗೆ ಬೆಂಕಿ ಬಿದ್ದಾಗ ಈ ಕಸುಬಿನ ಗುಟ್ಟು ತಿಳಿಯುತ್ತದೆ. ಹುಲ್ಲಿನ ಬೆಂಕಿ ಓಡುವ ಬೆಂಕಿ. ಕಾವು ಮೇಲಕ್ಕೇರುತ್ತದೆ, ಬೆರಳಗಲ ಕೆಳಗಿನ ಬೀಜ ಉಳಿಯುತ್ತದೆ. ಹಳೆಯ ಬುಡಗಳೂ ಹಾಗೆಯೇ: ಹುಲ್ಲಿನ ಚಿಗುರುವ ಕಣ್ಣು ಇರುವುದು ಬುಡದಲ್ಲಿ. ಉದಗೀರದ ಪಕ್ಕದ ದೇವಣಿಯ ಹೆಸರು ಹೊತ್ತ ಆಕಳ ನಾಲಿಗೆಗಾಗಲಿ, ಜ್ವಾಲೆಗಾಗಲಿ ಸಿಗುವುದು ಮೇಲಿನ ಗರಿ ಮಾತ್ರ.

ಹಾಗಂತ ಕಂಡಕಂಡಾಗ ಕಡ್ಡಿ ಗೀರುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬಿಸಿಲು ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ತುಂಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹತ್ತಿತು ಎನ್ನುತ್ತಾರೆ ಅವರು. ನಮ್ಮ ಮಡ್ಡಿಯ ತಾಪತ್ರಯ ಬೇರೆ. ಹಚ್ಚುವುದು ಸುಲಭ, ಹಚ್ಚಿದ ಮೇಲೆ ದನ ತಡೆಯುವವರು ಯಾರು? ಮೊದಲ ಮಳೆಯ ಚಿಗುರು ಬೇರು ಕೂಡಿಟ್ಟ ಗಂಟನ್ನು ಬಿಚ್ಚಿ ಹುಟ್ಟಿದ್ದು. ಅದು ಮೊಳಕಾಲಿಗೆ ಬರುವ ಮೊದಲೇ ಮತ್ತೆ ಮತ್ತೆ ಮೇಯಿಸಿದರೆ ಬುಡ ಬಡವಾಗುತ್ತದೆ. ವರ್ಷವರ್ಷ ಸುಟ್ಟು, ಬಿಡುವಿಲ್ಲದೆ ಮೇಯಿಸಿದ ಕಡೆ ದನಗಳಿಗೆ ಪ್ರಿಯವಾದ ಹುಲ್ಲುಗಳು ಸರಿದು ಊಬಿನದೇ ರಾಜ್ಯವಾಗುತ್ತದೆ. ನಾನು ಬೈದದ್ದು ತಪ್ಪು ವಿಳಾಸಕ್ಕೆ ಹೋಗಿತ್ತೇನೋ.

ಅಂದು ಜೇಬಿಗೆ ಹಾಕಿಕೊಂಡ ಊಬು ಕಿಟಕಿಯ ಕಟ್ಟೆ ಮೇಲಿದೆ. ನಿನ್ನೆ ಸಂಜೆ ಉದಗೀರದ ದಿಕ್ಕಿನಲ್ಲಿ ಮೋಡ ಕವಿದು ತಂಗಾಳಿ ಬೀಸಿತು. ಹನಿ ಬೀಳಲಿಲ್ಲ. ಬೆಳಿಗ್ಗೆ ನೋಡಿದರೆ ಅದರ ಮೊನೆ ಗೋಡೆಯ ಕಡೆ ಹೊರಳಿತ್ತು.